ಹೊಲದ ಉತಾರ ಕಲಿಸುವ ಪಾಠ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹಾವೇರಿ ಜಿಲ್ಲೆಯ ಈ ಯಾವ ತಾಲೂಕಿನಲ್ಲಿಯೂ ಉತಾರವನ್ನು ಕಾಣದ ರೈತನಿಲ್ಲ. ಮೈಸೂರು ಸೀಮೆಯವರು ಪಹಣಿ ಎನ್ನುವುದನ್ನೇ ಇಲ್ಲಿಯವರು ಉತಾರವೆನ್ನುವರು. ಆ ಹಾಳೆಯ ಮೇಲೆ ಯಾರು ಏನನ್ನೇ ಗೀಚಲಿ, ಕಚೇರಿಯಲ್ಲಿರುವ ಮೂಲ ದಾಖಲೆ ಬದಲಾಗದು. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಕಲಿಯಬೇಕಾದ ಪಾಠವೊಂದು ಇದರಲ್ಲಿದೆ.

ಹಿಂದೆ ಈ ದಾಖಲೆಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಪುಸ್ತಕ ಯಾರ ಕೈಯಲ್ಲಿತ್ತೋ ತಿದ್ದುವ ಲೇಖನಿಯೂ ಅವರ ಕೈಯಲ್ಲಿಯೇ ಇತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ಅಂದಿನಿಂದ ಕೇಳಿದವರಿಗೆ ದೊರೆಯುವುದು ಅಚ್ಚಾದ ಪ್ರತಿ ಮಾತ್ರ. ಮಾಲೀಕನ ಹೆಸರು ಬದಲಾಗಬೇಕಾದರೆ ಅರ್ಜಿ, ನೋಟಿಸು, ತಕರಾರಿಗೆ ಅವಕಾಶ, ಅಧಿಕಾರಿಯ ಒಪ್ಪಿಗೆ ಇವೆಲ್ಲ ಆಗಬೇಕು. ತಿದ್ದುವ ನೌಕರನು ಯಂತ್ರಕ್ಕೆ ಬೆರಳಚ್ಚು ಕೊಡಬೇಕು.

ಪ್ರೋಗ್ರಾಮಿನಲ್ಲಿಯೂ ಹೀಗೆಯೇ. ಮಾಹಿತಿಯನ್ನೂ ಅದನ್ನು ನಿರ್ವಹಿಸುವ ವಿಧಾನಗಳನ್ನೂ ‘ಕ್ಲಾಸ್’ ಎಂಬ ಒಂದೇ ಕವಚದೊಳಗಿರಿಸುವುದಕ್ಕೆ ‘ಎನ್‌ಕ್ಯಾಪ್ಸುಲೇಷನ್’ ಎಂದು ಹೆಸರು. ಒಳಗಿನ ರಚನೆಯನ್ನು ಹೊರಗಿನವರಿಂದ ಮರೆಮಾಡಬೇಕೆಂಬ ತತ್ತ್ವವನ್ನು 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿಜ್ಞಾನಿಯು ಸ್ಪಷ್ಟವಾಗಿ ಪ್ರತಿಪಾದಿಸಿದರು.

ಆದರೆ ಮರೆಮಾಡಿದೆವೆಂದು ಬರೆದ ಮಾತ್ರಕ್ಕೆ ಮರೆಯಾಯಿತೇ? ‘ಜಮೀನು’ ಎಂಬ ಕ್ಲಾಸನ್ನು ನಾವು ರಚಿಸಿದೆವೆನ್ನೋಣ. ಅದರೊಳಗೆ ಮಾಲೀಕರ ಪಟ್ಟಿಯಿದೆ. ಪಟ್ಟಿ ಖಾಸಗಿಯೆಂದು ಸಾರಿದ್ದೇವೆ. ಬೆಳೆಸಾಲದ ಪ್ರೋಗ್ರಾಂ ಒಂದು ಬಂದು ಪಟ್ಟಿಯನ್ನು ಕೇಳಿತು. ಅನೇಕ ಭಾಷೆಗಳಲ್ಲಿ ಆಗ ಹೊರಗೆ ಹೋಗುವುದು ನಕಲಲ್ಲ, ಸ್ಮೃತಿಕೋಶದಲ್ಲಿ ಪಟ್ಟಿಯಿರುವ ವಿಳಾಸ! ಸಾಲ ಬೇಡದವರ ಹೆಸರನ್ನು ಆ ಪ್ರೋಗ್ರಾಂ ತನ್ನ ಅನುಕೂಲಕ್ಕೆಂದು ಅಳಿಸಿದರೆ, ‘ಜಮೀನಿ’ನೊಳಗಿನ ಪಟ್ಟಿಯಿಂದಲೇ ಅದು ಅಳಿದುಹೋಗುತ್ತದೆ. ನೋಟಿಸಿಲ್ಲ, ತಕರಾರಿಲ್ಲ, ತಪ್ಪಾಯಿತೆಂದು ಯಂತ್ರವೂ ಹೇಳದು. ಪಟ್ಟಿಯಲ್ಲಿದ್ದ ವಿಧವೆಯೊಬ್ಬಳ ಹಕ್ಕು ಹೀಗೆ ಸದ್ದಿಲ್ಲದೆ ಮಾಯವಾಗಬಹುದು.

ಇದಕ್ಕೆ ಪರಿಹಾರ ಮೂರು ಬಗೆ. ಪಟ್ಟಿಯ ನಕಲನ್ನು ಕೊಡುವುದು ಮೊದಲನೆಯದು. ಆದರೆ ಪಟ್ಟಿಯಲ್ಲಿರುವ ಒಬ್ಬೊಬ್ಬ ಮಾಲೀಕನ ವಿವರವೂ ತಿದ್ದಲು ಬರುವ ವಸ್ತುವಾಗಿದ್ದರೆ ಪಟ್ಟಿಯೊಂದನ್ನೇ ನಕಲು ಮಾಡಿದರೆ ಸಾಲದು. ಅವುಗಳನ್ನೂ ನಕಲು ಮಾಡಬೇಕು. ಓದಲು ಬರುವ, ತಿದ್ದಲು ಬಾರದ ರೂಪದಲ್ಲಿ ಕೊಡುವುದು ಎರಡನೆಯದು. ಪಟ್ಟಿಯನ್ನೇ ಕೊಡದೆ, “ಇವರು ಮಾಲೀಕರೇ?” ಎಂಬ ಪ್ರಶ್ನೆಗೆ ಉತ್ತರವನ್ನಷ್ಟೇ ಕೊಡುವುದು ಮೂರನೆಯದು, ಸಾಧ್ಯವಿದ್ದಲ್ಲಿ ಇದೇ ಮೇಲು.

ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ. ಉತಾರವನ್ನು ಯಾರಿಗಾದರೂ ಕೊಡಬಹುದು. ಮೂಲ ಪುಸ್ತಕವನ್ನು ಕೊಡಲಾಗದು.