ಅರ್ಬುದಕೋಶದಲ್ಲಿ ವೈರಸ್ಸಿನ ನೆಲೆ

ವೈರಸ್ಸು ಜೀವಕೋಶವನ್ನು ಹೊಕ್ಕು, ತನ್ನಂಥವನ್ನೇ ಅಸಂಖ್ಯವಾಗಿ ಹುಟ್ಟಿಸಿ, ಆ ಕೋಶವನ್ನು ಕೊಂದು ಹೊರಬೀಳುವುದು ಸಾಮಾನ್ಯ ಕ್ರಮ. ಆದರೆ ಕೆಲವು ವೈರಸ್ಸುಗಳು ಕೆಲವು ಪ್ರಾಣಿಗಳಲ್ಲಿ ಕೋಶವನ್ನು ಕೊಲ್ಲದೆ ಅರ್ಬುದಕೋಶವನ್ನಾಗಿ ಮಾರ್ಪಡಿಸುತ್ತವೆ. ಬಳಿಕ ಅಂಥ ಗಂತಿಯಲ್ಲಿ ಹುಡುಕಿದರೆ ಅನೇಕ ವೇಳೆ ವೈರಸ್ಸಿನ ಒಂದು ಕಣವೂ ಸಿಕ್ಕದು. ಅಪರಾಧಿಯು ಓಡಿಹೋದನೇ, ಒಳಗೇ ಅಡಗಿರುವನೇ?

ಉತ್ತರ ದೊರೆತದ್ದು ಎಸ್.ವಿ. 40 ಎಂಬ ವೈರಸ್ಸಿನಿಂದ. ಪೋಲಿಯೋ ಲಸಿಕೆಗಾಗಿ ಬಳಸುತ್ತಿದ್ದ ರೀಸಸ್ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಇದು ಇರುವುದನ್ನು ಸ್ವೀಟ್ ಮತ್ತು ಹಿಲ್‌ಮನ್ 1960ರಲ್ಲಿ ಪ್ರಕಟಿಸಿದರು. ದೆಹಲಿಯ ಕನ್ನಡಿಗರು ನಿತ್ಯವೂ ಕಾಣುವ ಕೋತಿಯೇ ಇದು. ಕೋತಿಯ ಕೋಶದಲ್ಲಿ ವೃದ್ಧಿಹೊಂದುವ ಈ ವೈರಸ್ಸು ಹ್ಯಾಮ್‌ಸ್ಟರ್ ಮರಿಗಳಲ್ಲಿ ಗಂತಿಯನ್ನು ಹುಟ್ಟಿಸುತ್ತದೆ. ಇದರ ಡಿ.ಎನ್.ಎ. ಬಳೆಯಾಕಾರದ್ದು, ಅದರಲ್ಲಿರುವುದು ಸುಮಾರು 5,200 ಅಕ್ಷರಜೋಡಿಗಳು ಮಾತ್ರ.

ಮಾರ್ಪಟ್ಟ ಕೋಶವನ್ನು ಕೋತಿಯ ಕೋಶದೊಡನೆ ಬೆಸೆದರೆ ಹಲವೊಮ್ಮೆ ವೈರಸ್ಸು ಮರಳಿ ಪ್ರತ್ಯಕ್ಷವಾಗುವುದೆಂದು 1967ರ ವೇಳೆಗೆ ತಿಳಿದಿತ್ತು. ಎಂದರೆ ಅದರ ಡಿ.ಎನ್.ಎ. ಒಳಗಿದೆ. ಆದರೆ ಯಾವ ಸ್ಥಿತಿಯಲ್ಲಿ? 1968ರಲ್ಲಿ ಸ್ಯಾಂಬ್ರುಕ್, ವೆಸ್ಟ್‌ಫಾಲ್, ಶ್ರೀನಿವಾಸನ್ ಮತ್ತು ಡಲ್ಬೆಕೊ ಇದನ್ನು ಪರೀಕ್ಷಿಸಿದರು. ವೈರಸ್ಸಿನ ಡಿ.ಎನ್.ಎ. ಬಿಡಿ ಬಳೆಯಾಗಿ ಸಿಕ್ಕಲಿಲ್ಲ. ಕೋಶದ ನೀಳವಾದ ಡಿ.ಎನ್.ಎ.ಯೊಡನೆಯೇ ಇತ್ತು. ಸಡಿಲವಾದ ಹೊಂದಿಕೆಗಳನ್ನು ಬಿಡಿಸುವ ಕ್ಷಾರದ್ರಾವಣದಲ್ಲಿಯೂ ಬೇರ್ಪಡಲಿಲ್ಲ. ಆದ್ದರಿಂದ ಅದು ಬರಿದೆ ಅಂಟಿಕೊಂಡುದಲ್ಲ, ಗಟ್ಟಿಯಾದ ರಾಸಾಯನಿಕ ಬಂಧದಿಂದ ಹೆಣೆದುಕೊಂಡುದು ಎಂದಾಯಿತು.

ಇದರ ಮಹತ್ವವನ್ನು ನನ್ನ ವೃತ್ತಿಯ ಉದಾಹರಣೆಯಿಂದ ಹೇಳಬಹುದು. ಲೆಡ್ಜರಿನಲ್ಲಿ ಸಿಕ್ಕಿಸಿದ ಬಿಡಿ ಚೀಟಿ ಎಂದಾದರೂ ಉದುರಿಹೋದೀತು. ಪುಟದಲ್ಲಿಯೇ ಸೇರಿಹೋದ ಸುಳ್ಳು ನಮೂದಾದರೋ ಪ್ರತಿಯೆತ್ತಿದಾಗಲೆಲ್ಲ ಮುಂದಿನ ಪುಸ್ತಕಕ್ಕೂ ನಡೆದುಬರುತ್ತದೆ. ಕೋಶವು ಇಬ್ಭಾಗವಾಗುವಾಗ ಒಳಸೇರಿದ ಡಿ.ಎನ್.ಎ.ಯೂ ಹೀಗೆಯೇ ಸಂತತಿಗೆ ಸಲ್ಲುತ್ತದೆ.

ಅದು ಸೇರುವ ಜಾಗ ಗೊತ್ತಾದುದಲ್ಲವೆಂದು 1970ರ ದಶಕದ ಸಂಶೋಧನೆಗಳು ತೋರಿಸಿದವು. ಮುಖ್ಯವಾದುದು ಜಾಗವಲ್ಲ, ಉಳಿದುಕೊಂಡ ಜೀನು. ಅದರಿಂದಾಗುವ 'ಟಿ' ಪ್ರೋಟೀನು ಕೋಶದ ಪಿ53 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದು 1979ರಲ್ಲಿ ಕಂಡುಬಂತು. ಪಿ53 ಕೋಶದ ಮಿತಿಮೀರಿದ ವೃದ್ಧಿಯನ್ನು ತಡೆಯುವ ಕಾವಲುಗಾರನೆಂಬುದು ಆಮೇಲೆ ತಿಳಿಯಿತು.

ಇದು ಹ್ಯಾಮ್‌ಸ್ಟರಿನ ಕಥೆ ಮಾತ್ರವಲ್ಲ. ಸ್ತ್ರೀಯರ ಗರ್ಭಕಂಠದ ಅರ್ಬುದಕ್ಕೆ ಪ್ಯಾಪಿಲೋಮಾ ವೈರಸ್ಸು ಕಾರಣವೆಂದು ತೋರಿಸಿದ ಹೆರಾಲ್ಡ್ ತ್ಸುರ್ ಹೌಸೆನ್ 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅಲ್ಲಿಯೂ ವೈರಸ್ಸಿನ ಡಿ.ಎನ್.ಎ. ಬಹುಮಟ್ಟಿಗೆ ಕೋಶದ ಡಿ.ಎನ್.ಎ.ಯೊಳಗೆ ಸೇರಿರುತ್ತದೆ. ಲಸಿಕೆಯು ವೈರಸ್ಸಿನ ಪ್ರವೇಶವನ್ನು ತಡೆಯಬಲ್ಲದು, ಒಳಸೇರಿದುದನ್ನು ಕಿತ್ತುಹಾಕಲಾರದು. ಅದನ್ನು ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿಯೇ ಹಾಕಿಸಬೇಕೆನ್ನುವುದು ಇದಕ್ಕಾಗಿಯೇ.