ಕಲ್ನಾರಿನ ದೂಳು: ದುಡಿಯುವವರಿಗೂ ಮನೆಯವರಿಗೂ ಅಪಾಯ

ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದರೆ ಹೆಂಡತಿಗೆ ಕ್ಯಾನ್ಸರ್ ಬರಬಹುದೆ? ಬರಬಹುದೆಂದು 1965ರಲ್ಲಿ ಪ್ರಕಟವಾದ ಲಂಡನ್ ವೈದ್ಯರ ಅಧ್ಯಯನವೊಂದು ತೋರಿಸಿತು. ಎದೆ ಅಥವಾ ಹೊಟ್ಟೆಯ ಒಳಪೊರೆಗೆ ತಗಲುವ ‘ಮೀಸೋಥೀಲಿಯೋಮ’ ಎಂಬ ಅಪರೂಪದ ಕ್ಯಾನ್ಸರ್‌ಗೆ ತುತ್ತಾದವರಲ್ಲಿ ಕೆಲವರು ಕಲ್ನಾರಿನ ಕಾರ್ಖಾನೆಯಲ್ಲಿ ಎಂದೂ ದುಡಿದವರಲ್ಲ. ಅಲ್ಲಿ ದುಡಿಯುವವರ ಬಟ್ಟೆ ಒಗೆಯುತ್ತಿದ್ದ ಮನೆಯವರು, ಇಲ್ಲವೆ ಕಾರ್ಖಾನೆಯ ಅರ್ಧ ಮೈಲಿಯೊಳಗೆ ವಾಸವಾಗಿದ್ದವರು.

ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಭೂಮಿಯಲ್ಲಿ ದೊರೆಯುವ ಖನಿಜ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಬೆಲೆಯೂ ಅಗ್ಗ. ಆದ್ದರಿಂದಲೇ ಸಿಮೆಂಟಿನೊಡನೆ ಬೆರೆಸಿದ ಶೀಟುಗಳಾಗಿ ನಮ್ಮ ಮನೆ, ಕೊಟ್ಟಿಗೆ, ಗೋದಾಮುಗಳ ಸೂರು ಸೇರಿದೆ. ಹಳೆಯ ನೀರಿನ ಕೊಳವೆ, ಬಾಯ್ಲರಿನ ಹೊದಿಕೆ, ವಾಹನಗಳ ಬ್ರೇಕ್ ಲೈನಿಂಗ್‌ಗಳಲ್ಲೂ ಬಳಕೆಯಾಗಿದೆ.

ಹಾನಿ ಹೇಗೆ?

ಕಲ್ನಾರಿನ ಎಳೆ ತಲೆಗೂದಲಿಗಿಂತ ಎಷ್ಟೋ ಪಾಲು ಸಪೂರ. ಗಾಳಿಯಲ್ಲಿ ತೇಲಿದರೆ ಕಣ್ಣಿಗೆ ಕಾಣದು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದ ಎಳೆಗಳನ್ನು ಪೂರ್ತಿ ಹೊರಹಾಕಲು ದೇಹಕ್ಕೆ ಆಗದು. ಕ್ರಮೇಣ ಶ್ವಾಸಕೋಶ ಗಡುಸಾಗಿ ‘ಆಸ್ಬೆಸ್ಟೋಸಿಸ್’ ಬರಬಹುದು. ಶ್ವಾಸಕೋಶದ ಕ್ಯಾನ್ಸರ್ ಕೂಡ ಬರಬಹುದು. ಬೀಡಿ, ಸಿಗರೇಟು ಸೇದುವವರಿಗಂತೂ ಈ ಅಪಾಯ ಹಲವು ಪಟ್ಟು ಹೆಚ್ಚು.

ಈ ಕ್ಯಾನ್ಸರ್‌ಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 40 ವರ್ಷ ಬೇಕು. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ. ಹಳೆಯ ಕೆಲಸಕ್ಕೂ ಈಗಿನ ಕಾಯಿಲೆಗೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದಲೇ ಸುಪ್ರೀಂ ಕೋರ್ಟ್ 1995ರ ತೀರ್ಪಿನಲ್ಲಿ, ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು.

50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮಲ್ಲಿ ಬಿಳಿ ಕಲ್ನಾರು ಇಂದಿಗೂ ಆಮದಾಗುತ್ತಿದೆ.

ಎಚ್ಚರಿಕೆಗಳು

* ಸೂರಿನ ಮೇಲೆ ಗಟ್ಟಿಯಾಗಿರುವ ಶೀಟನ್ನು ಕಂಡು ಗಾಬರಿಪಡಬೇಕಿಲ್ಲ. ಅದನ್ನು ಕೊಯ್ದಾಗ, ಕೊರೆದಾಗ, ಒಡೆದಾಗ, ಉಜ್ಜಿದಾಗ ಏಳುವ ದೂಳೇ ಅಪಾಯ.
* ಶೀಟು ಬಿಚ್ಚಲೇಬೇಕಾದರೆ ಚೆನ್ನಾಗಿ ನೀರು ಚಿಮುಕಿಸಿ, ಒಡೆಯದಂತೆ ಇಡಿಯಾಗಿ ಇಳಿಸಿ. ಮಕ್ಕಳನ್ನು ದೂರವಿಡಿ. ಚೂರುಗಳನ್ನು ಒಣ ಪೊರಕೆಯಿಂದ ಗುಡಿಸಬೇಡಿ.
* ಮೂಗಿಗೆ ಕಟ್ಟಿದ ಕರವಸ್ತ್ರ ಈ ದೂಳನ್ನು ತಡೆಯದು. ಇದಕ್ಕೆಂದೇ ಇರುವ ಮುಖಗವಸು ಬೇಕು.
* ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿನ ದೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.
* ಕೆಲಸದ ಬಟ್ಟೆಯನ್ನು ಕೆಲಸದ ಸ್ಥಳದಲ್ಲೇ ಬದಲಿಸಿ ಅಲ್ಲಿಯೇ ಒಗೆಸಬೇಕು. ಈ ಏರ್ಪಾಡು ಮಾಡುವುದು ಮಾಲೀಕರ ಹೊಣೆ.
* ಹೊಸ ಶೀಟು ಕೊಳ್ಳುವಾಗ ಕಲ್ನಾರು ಇಲ್ಲದ್ದನ್ನೇ ಕೇಳಿ.

ಬಿಡದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆನೋವು ಇದ್ದರೆ ವೈದ್ಯರನ್ನು ಕಾಣಿ. ಮೂವತ್ತು ವರ್ಷದ ಹಿಂದೆ ನೀವು ಎಲ್ಲಿ, ಯಾವ ಕೆಲಸ ಮಾಡುತ್ತಿದ್ದಿರಿ ಎಂಬುದನ್ನೂ ಅವರಿಗೆ ಹೇಳಲು ಮರೆಯದಿರಿ.