ಟಾಪ್ ಮ್ಯಾಲೆ ಕ್ಯಾರಿಯರ್ ಹಾಕ್ಸೋರಿಗೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಬೊಲೆರೊ, ಕ್ರೂಸರ್ ಇಟ್ಟವರು ಕೇಳ್ರಿ. ಗಾಣಗಾಪುರಕ್ಕ ಹೊಂಟ್ರ ಹಾಸಿಗಿ-ಗಂಟು ಟಾಪ್ ಮ್ಯಾಲೆ. ತೊಗರಿ ರಾಶಿ ಆದ್ರ ಚೀಲಾನೂ ಅಲ್ಲೇ.

ಟಾಪ್ ಎಷ್ಟು ಭಾರ ತಡೀತದ ಅಂತ ಮೊದಲ ಗಾಡಿ ಪುಸ್ತಕದಾಗ ನೋಡ್ರಿ. ಆ ಲೆಕ್ಕದಾಗ ಕ್ಯಾರಿಯರ್ ತೂಕಾನೂ ಸೇರ್ತದ. ಮಿತಿ 50 ಕೆಜಿ ಅನ್ಕೊಳ್ರಿ. ಕಬ್ಬಿಣದ ಕ್ಯಾರಿಯರೇ 30 ಕೆಜಿ ಇದ್ರ ಸಾಮಾನಿಗೆ ಉಳಿಯೋದು 20. ತುಂಬಿದ ಒಂದು ತೊಗರಿ ಚೀಲಾನೂ ಇಡಂಗಿಲ್ಲ!

ಭಾರ ಮ್ಯಾಲೆ ಏರಿದಷ್ಟೂ ಗಾಡಿ ತಿರುವಿನಾಗ ವಾಲ್ತದ. ಮಳಿಗಾಲದಾಗ ಎರಿ ಹೊಲದ ದಾರಿ ನಿಮಗ ಗೊತ್ತೇ ಅದ. ಒಂದು ಗಾಲಿ ಕೆಸರಿನಾಗ ಕುಸಿದ್ರ ಪಲ್ಟಿ ಆಗೋ ಭಯ. ಅದಕ್ಕ ಜಾಕ್, ನೀರಿನ ಕ್ಯಾನ್, ಪಾನಾ ಡಬ್ಬಿ ಗಾಡಿ ಒಳಗ ತಳಕ್ಕ ಇಟ್ಟು ಬೆಲ್ಟ್ ಹಾಕಿ ಬಿಗೀರಿ. ಹಗುರ ಹಾಸಿಗಿ, ಚಾಪಿ ಮ್ಯಾಲೆ ಇರ್ಲಿ, ತಾಡಪತ್ರಿ ಹೊದಿಸಿ.

ಟಾಪಿಗೆ ತೂತು ಹೊಡಸಬ್ಯಾಡ್ರಿ, ನೀರಿಳಿದು ತುಕ್ಕು ಹಿಡೀತದ. ಅಂಚಿಗೆ ಕ್ಲಾಂಪ್ ಕೂಡೋ ಕ್ಯಾರಿಯರ್ ಕೇಳ್ರಿ. ಕೆಟ್ಟ ರಸ್ತೆದಾಗ ಒಂದು ಸಲ ಓಡಿಸಿ, ಬೋಲ್ಟ್ ಮತ್ತ ಬಿಗಿ ಮಾಡಸ್ರಿ.

ಮಂದಿನ ಮಾತ್ರ ಮ್ಯಾಲೆ ಕೂಡಸಬ್ಯಾಡ್ರಿ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ಅದಕ್ಕ ಒಪ್ಪಂಗಿಲ್ಲ. ಜಾತ್ರಿಗೆ ಮಂದಿ ಹೆಚ್ಚಾದ್ರ ಇನ್ನೊಂದು ಗಾಡಿ ಮಾಡ್ರಿ.